ಒಂದು ‘ರನ್’, ಆರುನೂರು ಚೀಟಿ

ಅನುವಾದ ಮಾಡುವವರಿಗೆ ‘ರನ್’ ಎಷ್ಟು ತಲೆ ತಿನ್ನುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದೊಂದೇ ಪದಕ್ಕೆ ಚೀಟಿ ಬರೆದು ಡಬ್ಬ ತುಂಬಿಸುತ್ತೇನೆ ಅಂದಾಗ ಜೊತೆಯವರು ನಕ್ಕರು. ‘ಡಿಕ್ಷನರಿ ಇದೆಯಲ್ಲ ಮಾರಾಯ, ಯಾಕೆ ಈ ಹುಚ್ಚು’ ಅಂದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ಡಬ್ಬದ ಫೋಟೊ ಕಳಿಸು ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದೇ ದುಡ್ಡು ಕಳೆದುಕೊಂಡು. ಬ್ಯಾಂಕುಗಳ ಇತಿಹಾಸದ ಪುಸ್ತಕವೊಂದು ಕೈಗೆ ಬಂದಿತ್ತು, ಪದಕ್ಕೆ ಇಷ್ಟು ಅಂತ ಲೆಕ್ಕ. ಒಂದು ಕಡೆ ‘ರನ್ ಆನ್ ದ ಬ್ಯಾಂಕ್’ ಬಂತು. ಅವಸರದಲ್ಲಿ ‘ಜನ ಬ್ಯಾಂಕಿನ ಮೇಲೆ ಓಡಿದರು’ ಅಂತ ಬರೆದುಬಿಟ್ಟೆ. ಠೇವಣಿ ಇಟ್ಟವರೆಲ್ಲ ದುಡ್ಡು ವಾಪಸ್ ತೆಗೆಯೋಕೆ ಒಟ್ಟಿಗೆ ಮುಗಿಬಿದ್ದರು ಅನ್ನೋದು ಅದರ ಅರ್ಥ. ನನ್ನ ವಾಕ್ಯ ಓದಿದರೆ ತಾರಸಿ ಮೇಲೆ ಓಟದ ಪಂದ್ಯ ನಡೆದ ಹಾಗಿತ್ತು. ಪ್ರಕಾಶಕರು ಆ ಅಧ್ಯಾಯವನ್ನು ಬೇರೆಯವರಿಂದ ಮಾಡಿಸಿ, ಖರ್ಚನ್ನು ನನ್ನ ಸಂಭಾವನೆಯಲ್ಲೇ ಮುರಿದುಕೊಂಡರು. ಹೆಚ್ಚು ಕಡಿಮೆ ಕಾಲು ಭಾಗ ಹೋಯಿತು.

ಅದಾದ ಮೇಲೆ ‘ಓಡು’ ಕಂಡರೇ ಹೆದರಿಕೆ. ಅದೂ ತಪ್ಪೇ. ನಾಟಕ ನೂರು ದಿನ ‘ಓಡಿತು’ ಅಂತ ಎಲ್ಲರೂ ಅನ್ನುವ ಕಡೆ ‘ಪ್ರದರ್ಶನಗೊಂಡಿತು’ ಅಂತ ಬರೆದೆ. ಬಸ್ಸು ‘ಸಂಚರಿಸಿತು’, ಗಡಿಯಾರ ‘ಚಲಿಸಿತು’. ಕರಡು ತಿದ್ದುವವರು ಪಕ್ಕದಲ್ಲಿ ‘ಯಾಕೆ, ತಲೆ ಓಡಲಿಲ್ಲವಾ?’ ಅಂತ ಗೀಚಿ ಕಳಿಸಿದರು.

ಚೀಟಿಗಳನ್ನು ಮೊದಲು ಡಿಕ್ಷನರಿಯ ಅರ್ಥಗಳ ನಂಬರಿನ ಪ್ರಕಾರ ಜೋಡಿಸಿದೆ. 2 ತಿಂಗಳು ದಂಡ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ‘ಸೆಟ್’ ದೊಡ್ಡಣ್ಣ, ಸುಮಾರು 430 ಅರ್ಥ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು, ಕ್ರಿಯಾಪದಕ್ಕೇ 645. ಇದೊಂದು ಪದಕ್ಕೆ ಸಂಪಾದಕ ಪೀಟರ್ ಗಿಲಿವರ್ ಅವರಿಗೆ 9 ತಿಂಗಳು ಹಿಡಿಯಿತಂತೆ. ಆದರೆ ಅದೆಲ್ಲ ಇಂಗ್ಲಿಷ್‌ನವರಿಗೆ ಬೇಕಾದ ಹಾಗೆ ಸೀಳಿದ ಅರ್ಥಗಳು. ಹೋಟೆಲು, ಶಾಲೆ, ಸಂಘ, ಯಾವುದನ್ನೇ ‘ರನ್’ ಮಾಡಲಿ, ನಮಗೆ ‘ನಡೆಸು’ ಒಂದೇ ಸಾಕು.

ಕೊನೆಗೆ ಡಬ್ಬ ಬೋರಲು ಹಾಕಿ ಕನ್ನಡದ ಕ್ರಿಯಾಪದ ಹಿಡಿದು ವಿಂಗಡಿಸಿದೆ. ಮೊದಲು ನೋಡುವುದು ಯಾವುದು ‘ರನ್’ ಆಗುತ್ತಿದೆ ಅಂತ. ಮೂಗಾದರೆ ಸೋರುತ್ತೆ, ನದಿಯಾದರೆ ಹರಿಯುತ್ತೆ, ಬಟ್ಟೆಯಾದರೆ ಬಣ್ಣ ಬಿಡುತ್ತೆ, ಜ್ವರವಾದರೆ ಬರುತ್ತೆ, ಬಾವಿ ‘ರನ್ ಡ್ರೈ’ ಆದರೆ ಬತ್ತುತ್ತೆ. ನನಗೆ ತುಂಬಾ ಇಷ್ಟವಾದ ಚೀಟಿ ಚುನಾವಣೆಯದು: ಅಮೆರಿಕದವರು ಓಡುತ್ತಾರೆ, ನಾವು ನಿಲ್ಲುತ್ತೇವೆ. ಬ್ರಿಟಿಷರೂ ನಮ್ಮ ಹಾಗೆ ನಿಲ್ಲುವವರೇ.

ಬರೆದದ್ದು 600 ಚೀಟಿ ಇರಬಹುದು, ಕೊನೆಗೆ ಉಳಿದದ್ದು 70-75 ಕ್ರಿಯಾಪದ. ಹಿಡಿದದ್ದು 7 ತಿಂಗಳು. ಗಿಲಿವರ್‌ಗಿಂತ 2 ತಿಂಗಳು ಬೇಗ ಅಂತ ಸುಮ್ನೆ ಜಂಬ ಕೊಚ್ಚಿಕೊಳ್ಳುತ್ತೇನೆ. ದಂಡವಾದ ಆ 2 ತಿಂಗಳು ಸೇರಿಸಬೇಡಿ, ಸಮ ಆಗಿಬಿಡುತ್ತೆ. ‘ಔಟ್’, ‘ಇಂಟು’, ‘ಡೌನ್’ ಅಂತ ಬಾಲ ಕಟ್ಟಿಕೊಂಡು ಬರುವ ‘ರನ್’ಗಳಿಗೆ ಬೇರೆಯೇ ಉಪಾಯ ಮಾಡಿದ್ದೇನೆ. ಅದು ನನ್ನಲ್ಲೇ ಇರಲಿ, ಹೊಟ್ಟೆಪಾಡು ಅಲ್ವಾ.

ಮಧ್ಯೆ ಬೇಜಾರಾಗಿ ಒಂದು ಮಧ್ಯಾಹ್ನ ನಮ್ಮ ‘ಹೊಡೆ’ಗೂ ಚೀಟಿ ಬರೆದು ನೋಡಿದೆ. ಮೊಳೆ ಹೊಡೆ, ಬಣ್ಣ ಹೊಡೆ, ಕಣ್ಣು ಹೊಡೆ, ಶಿಳ್ಳೆ ಹೊಡೆ, ಹರಟೆ ಹೊಡೆ, ಈಜು ಹೊಡೆ, ನಿದ್ದೆ ಹೊಡೆ. ಬಿಸಿಲೂ ಹೊಡೆಯುತ್ತೆ, ನಾತವೂ ಹೊಡೆಯುತ್ತೆ. ಕಾಫಿ ಹೊತ್ತಿಗೆ 40 ದಾಟಿತ್ತು. ಇಂಗ್ಲಿಷನ್ನು ಬೈಯುವುದು ಅವತ್ತಿಗೆ ಬಿಟ್ಟೆ. ಪಾಪ, ಕನ್ನಡದಿಂದ ಆ ಕಡೆಗೆ ಅನುವಾದ ಮಾಡುವವರ ಪಾಡು ಏನಾಗಿರಬೇಡ.

ದುಡ್ಡು ಮುರಿದುಕೊಂಡ ಪ್ರಕಾಶಕರೇ ಈ ಸಲ ಮತ್ತೆ ಕೆಲಸ ಕೊಟ್ಟರು, ದರವನ್ನೂ ತುಸು ಏರಿಸಿದರು. ಸುಮಾರು 300 ಪುಟದ ಕಾದಂಬರಿ. ‘ರನ್’ ಬಂದದ್ದು ನೂರಕ್ಕೂ ಜಾಸ್ತಿ ಸಲ, ಕೆಂಪು ಗೆರೆ ಬಿದ್ದದ್ದು ಮೂರೇ ಕಡೆ. ಅದರಲ್ಲೊಂದು ಹೆಂಗಸರ ಉದ್ದ ಕಾಲುಚೀಲದ್ದು. ಅದರ ‘ರನ್’ಗೆ ನಾನು ‘ಹರಿದಿತ್ತು’ ಅಂತ ಹಾಕಿದ್ದೆ, ಕರಡು ತಿದ್ದುವವರು ‘ಎಳೆ ಬಿಟ್ಟಿತ್ತು’ ಅಂತ ಮಾಡಿದರು. ಅವರದೇ ಸರಿ. ಆ ಚೀಟಿಯನ್ನು ಅವತ್ತೇ ಹರಿದು ಹೊಸದು ಬರೆದಿಟ್ಟೆ.