ಸಂಜೆ ಏಳಕ್ಕೆ ತೆಗೆದ ನಡುರಾತ್ರಿ

ನಮ್ಮ ಕಿರುಚಿತ್ರ 11 ನಿಮಿಷದ್ದು. ಅದರಲ್ಲಿ ಎರಡೂವರೆ ನಿಮಿಷ ನಡುರಾತ್ರಿ. ಹುಡುಗ ಲಾಟೀನು ಹಿಡಿದು ಅಡಿಕೆ ತೋಟಕ್ಕೆ ಇಳಿಯುತ್ತಾನೆ, ಸುತ್ತ ಮಿಂಚುಹುಳ. ಸೀನಿಯರ್‌ಗಳು ಸ್ಕ್ರಿಪ್ಟ್ ಓದಿ ಹೇಳಿದ್ದು ಒಂದೇ ಮಾತು: ‘ಮೊಬೈಲ್ ಕ್ಯಾಮೆರಾ, 8 ಜಿಬಿ ಲ್ಯಾಪ್‌ಟಾಪ್, ಫ್ರೀ ಡಾವಿಂಚಿ. ಆಗಲ್ಲ ಬಿಡೋ.’ (ಡಾವಿಂಚಿ ಅಂದರೆ ನಾವು ಎಡಿಟ್ ಮಾಡೋ ಸಾಫ್ಟ್‌ವೇರ್.) ಒಂದು ಸ್ಟುಡಿಯೋದವರು ಆ 14 ಶಾಟ್‌ಗಳ ಎಫೆಕ್ಟ್ಸ್‌ಗೇ 22 ಸಾವಿರ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಊಟ, ಬಸ್ಸು ಎಲ್ಲಾ ಸೇರಿ 12 ಸಾವಿರ.

ಮೊದಲು ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆವು. ನಿಜವಾದ ರಾತ್ರಿಯಲ್ಲೇ ತೆಗೆಯೋಣ ಅಂತ ಮೇ ಕೊನೆಗೆ ತೀರ್ಥಹಳ್ಳಿ ಹತ್ತಿರದ ಗೆಳೆಯನ ಅಜ್ಜಿ ಮನೆಗೆ ಹೋದೆವು. ಮಳೆ ಹಿಡಿಯೋ ಮುಂಚಿನ ದಿನಗಳು, ಮರಕ್ಕೆ ಮರವೇ ಮಿನುಗುತ್ತಿತ್ತು. ಕಣ್ಣಿಗೆ ಹಬ್ಬ, ಮೊಬೈಲ್‌ಗೆ ಬರೀ ಕಪ್ಪು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿದರೆ ಹುಳ ಯಾವುದು, ನಾಯ್ಸ್ (ಚಿತ್ರದಲ್ಲಿ ಏಳೋ ಕಾಳುಕಾಳು ಚುಕ್ಕೆ) ಯಾವುದು ಅಂತ ಗೊತ್ತಾಗಲ್ಲ. ಅದನ್ನು ಅಳಿಸೋ ನಾಯ್ಸ್ ರಿಡಕ್ಷನ್ ಇರೋದು ಡಾವಿಂಚಿಯ ದುಡ್ಡು ಕೊಟ್ಟು ತಗೊಳ್ಳೋ ಸ್ಟುಡಿಯೋ ವರ್ಷನ್‌ನಲ್ಲಿ. ಎರಡು ರಾತ್ರಿ, ಸುಮಾರು 1,900 ರೂಪಾಯಿ, ನೀರಲ್ಲಿ ಹೋಮ.

ಆಮೇಲೆ ಹಠ ಬಂತು. ಸೂರ್ಯ ಮುಳುಗಿದ ಮೇಲೆ, ಕತ್ತಲಾಗೋ ಮುಂಚೆ ಸಿಗೋ 25 ನಿಮಿಷದಲ್ಲಿ ತೆಗೆದು, ಎಡಿಟ್‌ನಲ್ಲಿ ರಾತ್ರಿ ಮಾಡಿದರೆ? ಐಎಸ್‌ಒ ಕಡಿಮೆ ಸಾಕು, ನಾಯ್ಸ್ ಇಲ್ಲ. ಶಟರ್ 1/50, ಬಣ್ಣದ ಛಾಯೆ ನಿರ್ಧರಿಸೋ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಲಾಕ್, ಎಲ್ಲಾ ನೀಲಿ. ಫ್ರೇಮ್‌ನಲ್ಲಿ ಆಕಾಶ ಒಂದು ಬೆರಳಷ್ಟೂ ಬರಬಾರದು, ಬಂದರೆ ಕಥೆ ಮುಗೀತು. ಆ ಬೆಳಕಲ್ಲಿ ಸೀಮೆಎಣ್ಣೆ ಬತ್ತಿಯ ಬೆಳಕು ಏನೂ ಸಾಲಲ್ಲ, ಅದಕ್ಕೆ ಲಾಟೀನಿನೊಳಗೆ ಎಲ್‌ಇಡಿ ಬಲ್ಬ್ ಕೂರಿಸಿ, ಹಳದಿ ಜಿಲೆಟಿನ್ ಹಾಳೆ ಸುತ್ತಿದೆವು. ಅಜ್ಜಿ ಜಗಲಿ ಮೇಲಿಂದ, ‘ಎಂತಕೋ ಅಪ್ಪಿ, ಬೆಳಕಲ್ಲೇ ಲಾಟೀನು?’ ಅಂತ ನಾಲ್ಕು ಸಂಜೆಯೂ ಕೇಳಿದರು.

ಮೊದಲ ಗ್ರೇಡ್ (ಎಡಿಟ್‌ನಲ್ಲಿ ಬಣ್ಣ, ಬೆಳಕು ತಿದ್ದೋದು) ನೋಡಿದರೆ ರಾತ್ರಿಯಲ್ಲ, ಮೊಬೈಲ್ ಬ್ರೈಟ್‌ನೆಸ್ ಕಮ್ಮಿ ಮಾಡಿದ ಹಾಗಿತ್ತು. ಎಲ್ಲವನ್ನೂ ಒಂದೇ ಸಮ ಕಪ್ಪು ಮಾಡಿದ್ದೆ. ಲಾಟೀನಿನ ಸುತ್ತ ದುಂಡನೆ ಗೆರೆ (ವಿಂಡೋ) ಹಾಕಿ, ಲಾಟೀನು ಹೋದಲ್ಲೆಲ್ಲ ಅದೂ ಹೋಗೋ ಹಾಗೆ ಟ್ರ್ಯಾಕ್ ಮಾಡಿ, ಅದರಾಚೆಗೆ ಬಣ್ಣ ಅರ್ಧಕ್ಕೂ ಕೆಳಗೆ ಇಳಿಸಿದ ಮೇಲೆ ತೋಟ ಕತ್ತಲಾಯಿತು.

ಹುಳಗಳದ್ದು ಬೇರೆಯೇ ಗೋಳು. ಡಾವಿಂಚಿಯೊಳಗಿನ ಎಫೆಕ್ಟ್ಸ್ ವಿಭಾಗ ಫ್ಯೂಷನ್‌ನಲ್ಲಿ ಪಾರ್ಟಿಕಲ್ ಎಮಿಟರ್ (ಬೆಳಕಿನ ಚುಕ್ಕೆ ಉಗುಳೋ ಸಾಧನ) ಇಟ್ಟು ಆರು ನೂರು ಹುಳ ಬಿಟ್ಟೆ, ಒಂದೊಂದೂ ಮನಸ್ಸಿಗೆ ಬಂದ ಹಾಗೆ ಮಿಣಮಿಣ. ಗೆಳೆಯ ನೋಡಿ, ‘ಇದೇನೋ, ಮದುವೆ ಮನೆ ಸೀರಿಯಲ್ ಸೆಟ್?’ ಅಂದ. ಸರಿ ಅಂತ ಇನ್ನೊಂದು ರಾತ್ರಿ ಜಗಲಿಯಲ್ಲಿ ಕೂತು ಸುಮ್ನೆ ನೋಡಿದೆ. ಅಲ್ಲಿನ ಹುಳ ಬೇಕಾಬಿಟ್ಟಿ ಮಿನುಗಲ್ಲ. ಒಂದು ಮರದ್ದೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಹೊತ್ತುತ್ತವೆ. ಪಕ್ಕನೆ ಹೊತ್ತಿ ನಿಧಾನ ಆರುತ್ತವೆ. ಆರು ನೂರನ್ನು 140ಕ್ಕೆ ಇಳಿಸಿ ಮೂರು ಪದರ ಮಾಡಿದೆ: ಮರದ ಹಿಂದೆ, ಹುಡುಗನ ಸುತ್ತ, ಲೆನ್ಸ್ ಮುಂದೆ ಮಸುಕಾಗಿ. ಹುಳ ಹೊತ್ತಿದಾಗ ಅವನ ಕೆನ್ನೆಯಲ್ಲೂ ಒಂಚೂರು ಬೆಳಕು ಏರಬೇಕು, ಎಲ್ಲಾ ನಿಂತಿರೋದು ಅದರ ಮೇಲೆ. ಎಷ್ಟು ಫ್ರೇಮ್ ತಡವಾಗಿ ಅನ್ನೋದನ್ನು ಮಾತ್ರ ಕೇಳಬೇಡಿ.

ಹುಡುಗನ ಹಿಂದೆ ಹುಳ ಹಾರಬೇಕಲ್ಲ, ಅದಕ್ಕೆ ಕೀ ಮಾಡೋಣ, ಅಂದರೆ ಅವನ ಹಿಂದೆ ಒಂದೇ ಬಣ್ಣದ ಬಟ್ಟೆ ಕಟ್ಟಿ ಎಡಿಟ್‌ನಲ್ಲಿ ಆ ಬಣ್ಣ ಅಳಿಸೋಣ ಅಂತ ಹೊರಟೆ. ಅಡಿಕೆ ತೋಟದಲ್ಲಿ ಹಸಿರು ಬಟ್ಟೆ ಕಟ್ಟೋದು ಅಂದರೆ ಕೆರೆಯಲ್ಲಿ ನೀರು ಹುಡುಕಿದ ಹಾಗೆ. ಜಾಣತನ ಮಾಡಿ ನಾಲ್ಕು ಮೀಟರ್ ನೀಲಿ ಬಟ್ಟೆ ತಂದೆ. ಆದರೆ 3200 ಲಾಕ್ ಮಾಡಿ ಇಡೀ ಫ್ರೇಮನ್ನೇ ನೀಲಿ ಮಾಡಿದ್ದು ನಾನೇ ಅಲ್ವಾ! 320 ರೂಪಾಯಿ ದಂಡ. ಕೊನೆಗೆ ಕೈಯಲ್ಲೇ ಅಂಚು ಹಿಡಿದು ಗೆರೆ ಎಳೆದು ಮಾಸ್ಕ್ ಕೊರೆದೆ. ಅಡಿಕೆ ಮರ ನೆಟ್ಟಗಿರುತ್ತೆ, ಹತ್ತು ನಿಮಿಷದ ಕೆಲಸ. ಹುಡುಗನ ಗುಂಗುರು ಕೂದಲಿಗೆ ಮೂರು ರಾತ್ರಿ.

ರೆಂಡರ್ ಮಾಡುವಾಗ ಕರೆಂಟ್ ಕೈಕೊಡುತ್ತಿತ್ತು. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷವಾಗಿದೆ. ಎಂಪಿ4 ಮುಕ್ಕಾಲು ಆದಾಗ ನಿಂತರೆ ಇಡೀ ಫೈಲೇ ಹೋಯಿತು. ಎರಡು ಸಲ ಅತ್ತ ಮೇಲೆ ಹುಳದ ಪದರಗಳನ್ನೆಲ್ಲ ಪಿಎನ್‌ಜಿ ಸೀಕ್ವೆನ್ಸ್ ಆಗಿ, ಅಂದರೆ ಒಂದೊಂದು ಫ್ರೇಮೂ ಬೇರೆ ಬೇರೆ ಚಿತ್ರದ ಫೈಲ್ ಆಗಿ, ತೆಗೆದೆ. 412ನೇ ಫ್ರೇಮಿಗೆ ಕರೆಂಟ್ ಹೋದರೆ ಬಂದ ಮೇಲೆ 412ರಿಂದಲೇ ಶುರು. ಡಿಸ್ಕ್ ತುಂಬಿತು, ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿಗೆ 2,200 ಬಿತ್ತು.

ಸಂಗೀತದಲ್ಲೂ ಏಟು ತಿಂದೆ. ಕಟ್ ಮಾಡುವಾಗ ಒಂದು ಸಿನಿಮಾ ಹಾಡು ಹಾಕಿಕೊಂಡಿದ್ದೆ. ಮೂರು ವಾರ ಕೇಳಿ ಕೇಳಿ, ಕಟ್ ಎಲ್ಲಾ ಆ ಹಾಡಿನ ತಾಳಕ್ಕೇ ಕೂತಿತ್ತು. ಹಕ್ಕು ನಮ್ಮದಲ್ಲ, ತೆಗೆದೆ, ಸೀನ್ ಕುಂಟಿತು. ಮತ್ತೆ ಸದ್ದಿಲ್ಲದೆ ಕಟ್ ಮಾಡಿ, ಅದನ್ನು ನೋಡುತ್ತಾ ಗೆಳೆಯ ಕೊಳಲು ನುಡಿಸಿದ. ಮೂರು ಕಡೆ ಕಂಬಳಿ ಕಟ್ಟಿದ ಕೋಣೆಯಲ್ಲಿ, ಫ್ಯಾನ್ ಇಲ್ಲದೆ, ಬೆವರುತ್ತಾ. ಫೀಸು: ಎರಡು ದಿನ ಬಿರಿಯಾನಿ.

ಶ್ರುತಿಗೆ ಆ್ಯಪ್ ಹಾಕಿದರೆ ಭಜನೆ ಥರ ಇತ್ತು. ತೋಟದಲ್ಲಿ ರೆಕಾರ್ಡ್ ಮಾಡಿದ ಜೀರುಂಡೆ ಸದ್ದಿನ ಮೇಲೆ ಸುಮ್ನೆ ಆಟ ಆಡಿದೆ. ವೇಗ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಕೆಳಗೆ ಇಳಿಯುತ್ತೆ. ಮೂರು ಸಲ ಅರ್ಧ ಮಾಡಿದಾಗ ಜೀರುಂಡೆ ತಂಬೂರಿ ಆಯಿತು! ಅದನ್ನು ಕೊಳಲಿನ ಶ್ರುತಿಗೆ ಕೂಡಿಸಿದೆ. ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟ ಅದೇ, ಯಾರೂ ಗಮನಿಸಲಿಲ್ಲ.

ಒಟ್ಟು ಖರ್ಚು ಒಂಬತ್ತೂವರೆ ಸಾವಿರದ ಆಸುಪಾಸು. ಕಾಲೇಜಿನಲ್ಲಿ ತೋರಿಸಿದ ದಿನ ‘ರಾತ್ರಿ ಯಾವ ಲೈಟ್ ಬಾಡಿಗೆ ತಂದ್ರಿ?’ ಅಂತ ಕೇಳಿದವರು ಮೂವರು. ‘ಆಗಲ್ಲ ಬಿಡೋ’ ಅಂದಿದ್ದ ಸೀನಿಯರ್ ಮೊನ್ನೆ ಪ್ರಾಜೆಕ್ಟ್ ಫೈಲ್ ಕೇಳಿದ. ಕಳಿಸಿದೆ. ಕೆನ್ನೆ ಬೆಳಕಿನ ನೋಡ್ (ಆ ಎಫೆಕ್ಟ್ ಇರೋ ಡಬ್ಬಿ) ಒಂದನ್ನು ಅಳಿಸಿ.