ಹಾಸನದ ಬಂಡೆಯಲ್ಲಿ ಎಣ್ಣೆ ಹುಡುಕುವವರಿಗೆ

ಕೊಳವೆಬಾವಿಗೆ ಪಾಯಿಂಟ್ ಗುರುತಿಸಿಕೊಡುವುದು ಈಗ ನನ್ನ ಕಸುಬು. ಅದಕ್ಕೂ ಮೊದಲು ತಮಿಳುನಾಡಿನ ಕಾವೇರಿ ಬಯಲಿನ ತೈಲಬಾವಿಗಳಲ್ಲಿ ಭೂವಿಜ್ಞಾನಿಯಾಗಿದ್ದೆ. ಹಾಗಾಗಿ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಯಾರ ತೋಟದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲಿದರೂ, ನೆಲದಡಿ ಪೆಟ್ರೋಲಿಯಂ ಎಣ್ಣೆ ಇದೆಯೇ ಎಂದು ಕೇಳುವ ಕರೆ ನನಗೇ ಬರುತ್ತದೆ.

ಬೇಲೂರು ಕಡೆಯ ಯಜಮಾನರೊಬ್ಬರು ರಿಗ್ಗನ್ನು ಹೊರಡಲು ಬಿಡದೆ ನಿಲ್ಲಿಸಿಕೊಂಡಿದ್ದರು. "ಇನ್ನೂ 500 ಅಡಿ ಇಳಿಸೋಣವೇ ಸರ್?" ಅಡಿ ಲೆಕ್ಕದಲ್ಲಿ ದುಡ್ಡು ಎಣಿಸುವ ರಿಗ್‌ನವರು ಬೇಡ ಎನ್ನುತ್ತಾರೆಯೇ?

ಮೊದಲು ತೊಟ್ಟಿಯ ಪೊರೆಯನ್ನು ಒಣ ಕಡ್ಡಿಯಿಂದ ಗೀರಿದೆ. ಅದು ಚೂರುಚೂರಾಗಿ ಒಡೆದು, ಚೂರುಗಳು ಬೇರೆಬೇರೆಯಾಗಿಯೇ ಉಳಿದವು. ಎಣ್ಣೆಯಾಗಿದ್ದರೆ ಸುಳಿಸುತ್ತಿ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ನೀರಿನ ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ತಳದಲ್ಲಿ ಕೆಂಪು ಗಸಿಯೂ ಇತ್ತು. ಒಂದು ವೇಳೆ ಪೊರೆ ಕೂಡಿಕೊಂಡಿದ್ದರೂ ನಾನು ಮೊದಲು ಅನುಮಾನಿಸುವುದು ಕಂಪ್ರೆಸರ್ ಆಯಿಲನ್ನು, ಇಲ್ಲವೇ ಸೋರುವ ಡೀಸೆಲ್ ಟ್ಯಾಂಕನ್ನು.

ಪೊರೆಗಿಂತ ಕಲ್ಲುಪುಡಿಯ ಮಾತು ಗಟ್ಟಿ. ರಿಗ್ ಪಕ್ಕ ಗುಡ್ಡೆ ಬಿದ್ದಿದ್ದ ಬೂದು ಪುಡಿಯನ್ನು ಜರಡಿಯಲ್ಲಿ ತೊಳೆದು ಭೂತಗನ್ನಡಿ ಹಿಡಿದೆ. ಪಾರದರ್ಶಕ ಬೆಣಚು, ಮಬ್ಬು ಬಿಳಿಯ ಫೆಲ್ಡ್‌ಸ್ಪಾರ್, ಮಿರುಗುವ ಕಪ್ಪು ಕಾಗೆಬಂಗಾರದ ಚಕ್ಕೆಗಳು: ಇದು ನೈಸ್ (gneiss) ಶಿಲೆ, ನೆಲದಾಳದ ಬಿಸಿ ಮತ್ತು ಒತ್ತಡಕ್ಕೆ ರೂಪಾಂತರಗೊಂಡ ಗಟ್ಟಿ ಕಲ್ಲು. ಗೊರೂರಿನ ಸುತ್ತ ಈ ಬಗೆಯ ಶಿಲೆಗೆ 300 ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಕಾವೇರಿ ಬಯಲಿನಲ್ಲಿ ಹೀಗೆಯೇ ತೊಳೆಯುವಾಗ ಜರಡಿಯಲ್ಲಿ ಉಳಿಯುತ್ತಿದ್ದದ್ದು ಮರಳುಗಲ್ಲು, ಕಪ್ಪು ಜೇಡಿಶಿಲೆ. ಎಣ್ಣೆ ಹಿಡಿದ ಮರಳಿನ ಕಣ ನೇರಳಾತೀತ ದೀಪದಡಿ ಮಿನುಗುತ್ತಿತ್ತು. ಅಲ್ಲಿ ನೈಸ್ ಬಂತೆಂದರೆ ಸಾವಿರಾರು ಮೀಟರ್ ಕೆಸರುಪದರ ಮುಗಿದು ತಳಪಾಯ ಮುಟ್ಟಿದೆವೆಂದು ಅರ್ಥ. ಆ ತಳಪಾಯ ಹಾಸನದಲ್ಲಿ ನೇಗಿಲಿಗೇ ತಗಲುತ್ತದೆ.

ಎಣ್ಣೆ ಹುಟ್ಟಲು ಜೀವಿಗಳ ಅವಶೇಷ ಹೂತ ಕೆಸರು ಬೇಕು. ಅದು ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ ಬಹುಕಾಲ ಬೇಯಬೇಕು. ಆಮೇಲೆ ಅದನ್ನು ಹಿಡಿದಿಡುವ ಸಂದುಳ್ಳ ಕಲ್ಲು, ಮೇಲೊಂದು ಬಿಗಿಯಾದ ಮುಚ್ಚಳ. ಬಾಬಾಬುಡನ್‌ಗಿರಿಯಲ್ಲೂ ನೀರಿನಡಿ ಕೂತ ಪದರಗಳಿವೆಯಲ್ಲ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಅಲ್ಲಿನ ಕಬ್ಬಿಣದ ಪಟ್ಟೆಶಿಲೆ ಹಾಗೆ ಕೂತದ್ದೇ. ಆದರೆ ಆ ಪದರಗಳೆಲ್ಲ 300 ಡಿಗ್ರಿಗೂ ಮೀರಿ ಕಾದು, ಮಡಿಚಿ ರೂಪಾಂತರಗೊಂಡಿವೆ. ಅಷ್ಟು ಬಿಸಿಗೆ ಎಣ್ಣೆಯೂ ಉಳಿಯುವುದಿಲ್ಲ, ಅನಿಲವೂ ಉಳಿಯುವುದಿಲ್ಲ. ಇಂಗಾಲ ಗ್ರಾಫೈಟ್‌ನತ್ತ ಸಾಗುತ್ತದೆ.

ಯಜಮಾನರ ಮಗ ಬಿಡಲಿಲ್ಲ. ವಿಯೆಟ್ನಾಂನ ಬಾಚ್ ಹೋ ಕ್ಷೇತ್ರದಲ್ಲಿ ಗ್ರಾನೈಟ್ ಬಿರುಕಿನಿಂದಲೇ ಎಣ್ಣೆ ತೆಗೆಯುತ್ತಾರೆಂದು ಮೊಬೈಲಿನಲ್ಲಿ ತೋರಿಸಿದ. ನಿಜವೇ. ಆದರೆ ಆ ಎಣ್ಣೆ ಹುಟ್ಟಿದ್ದು ಅಕ್ಕಪಕ್ಕದ ಎಳೆಯ ಜೇಡಿಪದರಗಳಲ್ಲಿ. ಬಂಡೆಗೆ ಅದು ನುಸುಳಿ ಬಂದ ಬಾಡಿಗೆದಾರ. ಬೇಲೂರಿನ ಬಂಡೆಗೆ ಅಂಥ ನೆರೆಹೊರೆಯೇ ಇಲ್ಲ. ಜಿಲ್ಲೆಯ ನೆಲದಡಿ ಪೆಟ್ರೋಲ್ ಹರಿಯುವುದು ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನಲ್ಲಿ ಮಾತ್ರ, ಅದಕ್ಕೆ ಯಾರೂ ಕೈಹಾಕಬಾರದು.

ರಿಗ್ ಕಳಿಸಿಬಿಡಿ ಎಂದೆ. ನೀರನ್ನು ತೊಟ್ಟಿಗೆ ಎತ್ತರದಿಂದ ಧುಮುಕಿಸಿ ಗಾಳಿಯಾಡಿಸಿ, ಕಬ್ಬಿಣ ತಳಕ್ಕಿಳಿದ ಮೇಲೆ ಹನಿ ನೀರಾವರಿಗೆ ಬಿಡಲು ಹೇಳಿದೆ. ಇಲ್ಲದಿದ್ದರೆ ಡ್ರಿಪ್ಪರುಗಳೆಲ್ಲ ಕಟ್ಟಿಕೊಳ್ಳುತ್ತವೆ.