ಸುಣ್ಣ ಬಳಿದ ಟಿ-34: ಪುಟ್ಟ ಟ್ಯಾಂಕಿಗೆ ಚಳಿಗಾಲದ ಬಣ್ಣ

1941ರ ಚಳಿಗಾಲದಲ್ಲಿ ಮಾಸ್ಕೋ ಸುತ್ತ ಹೋರಾಡಿದ ಸೋವಿಯತ್ ಟಿ-34 ಟ್ಯಾಂಕುಗಳು ಹಿಮದಲ್ಲಿ ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಹಸಿರಿನ ಮೇಲೆಯೇ ಬಿಳಿ ಬಳಿಯುತ್ತಿದ್ದರು. ತೊಳೆದರೆ ಹೋಗುವ ತಾತ್ಕಾಲಿಕ ಬಣ್ಣವದು. ಹಲವೊಮ್ಮೆ ಬರೀ ಸುಣ್ಣ. ಅದು ಬೇಗ ಸವೆದು ಅಡಿಯ ಹಸಿರು ಇಣುಕುತ್ತಿತ್ತು. ಆ ಸವೆತವನ್ನು 1:35 ಅಳತೆಯ ಮಾದರಿಯಲ್ಲಿ ತರುವುದು ನನ್ನ ಪಾಲಿಗೆ ಈ ಹವ್ಯಾಸದ ಅತ್ಯಂತ ಸುಖದ ಕೆಲಸ.

ಮೊದಲು ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನ ಎಣ್ಣೆಪಸೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಜೋಡಿಸಿದ ಬಳಿಕ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಬಳಿಯುವ ಮೊದಲ ಪದರ, ಅದರ ಮೇಲೆ ಹಸಿರು. ಸೋವಿಯತ್ ಸೇನೆಯ ಆ ಹಸಿರಿನ ಹೆಸರು 4ಬಿಒ. ಮಾದರಿ ಬಣ್ಣಗಳ ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಸಿಗುತ್ತದೆ. ಅದನ್ನು ತುಸು ತಿಳಿಯಾಗಿಸಿಕೊಳ್ಳಿ, ಏಕೆಂದರೆ ಚಿಕ್ಕ ವಸ್ತುವಿನ ಮೇಲೆ ಗಾಢ ಬಣ್ಣ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ವಾರ್ನಿಷ್ ಬಳಿದು ಒಂದು ದಿನ ಒಣಗಲು ಬಿಡಿ.

ಈಗ ಕೂದಲಿಗೆ ಹಾಕುವ ಹೇರ್‌ಸ್ಪ್ರೇ. ತೆಳುವಾಗಿ ಎರಡು ಪದರ ಸಿಂಪಡಿಸಿ, ಒಣಗಿದ ಮೇಲೆ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಅಕ್ರಿಲಿಕ್ ಬಿಳಿ ಹಾಯಿಸಿ. ಎಲ್ಲೆಡೆ ಒಂದೇ ಸಮನಾಗಿ ಬೇಡ: ನಿಜವಾದ ಟ್ಯಾಂಕಿಗೆ ಸೈನಿಕರು ಅವಸರದಲ್ಲಿ, ಕೈಗೆ ಸಿಕ್ಕ ಕುಂಚದಿಂದ ಬಳಿಯುತ್ತಿದ್ದರು. ಅರ್ಧ ಗಂಟೆಯೊಳಗೆ ಮುಂದಿನ ಕೆಲಸ ಹಿಡಿಯಿರಿ. ತಡವಾದಷ್ಟೂ ಬಿಳಿ ಗಟ್ಟಿಯಾಗುತ್ತದೆ. ಒಂದು ಅಂಗೈಯಗಲದ ಭಾಗಕ್ಕೆ ನೀರು ಸವರಿ, ಅರೆನಿಮಿಷ ಕಾದು, ಬಿರುಸಾದ ಕುಂಚದಿಂದ ಮೆಲ್ಲಗೆ ಉಜ್ಜಿ. ನೀರು ಬಿಳಿಯೊಳಗೆ ಇಳಿದು ಹೇರ್‌ಸ್ಪ್ರೇ ಕರಗಿಸುತ್ತದೆ, ಬಿಳಿ ಚೂರುಚೂರಾಗಿ ಎದ್ದು ಬರುತ್ತದೆ.

ಉಜ್ಜುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಯಾರ ಕೈಕಾಲು ತಾಗಿತು? ಚಾಲಕ ಮುಂಭಾಗದ ಇಳಿಜಾರು ತಗಡಿನ ಬಾಗಿಲಿನಿಂದ ಒಳಗೆ ನುಸುಳುತ್ತಿದ್ದ. ಅದರ ಅಂಚುಗಳಲ್ಲಿ ಹಸಿರು ಧಾರಾಳವಾಗಿ ಕಾಣಲಿ. ಗೋಪುರದ ದೊಡ್ಡ ಮುಚ್ಚಳದ ಸುತ್ತಲೂ ಹಾಗೆಯೇ. ಎಂಜಿನ್ ಮೇಲಿನ ಹಲಗೆಯ ಮೇಲೆ ಕಾಲಾಳುಗಳು ಕುಳಿತು ಸಾಗುತ್ತಿದ್ದರು, ಅಲ್ಲಿ ಬಿಳಿ ಬಹುಪಾಲು ಹೋಗಿರಬೇಕು. ಗೋಪುರದ ಅಡಿಯ ಸಂದಿ, ಬೋಲ್ಟುಗಳ ಸುತ್ತ ಮಾತ್ರ ದಟ್ಟವಾಗಿ ಉಳಿಯಲಿ. ಕಂಡಕಂಡಲ್ಲಿ ಕಿತ್ತಳೆ ತುಕ್ಕು ಹಚ್ಚುವವರನ್ನು ಕಂಡರೆ ನನಗೆ ಬೇಸರ. ಬಳಕೆಯಲ್ಲಿದ್ದ ಟ್ಯಾಂಕು ಹಾಗೆ ತುಕ್ಕು ಹಿಡಿಯುವುದಿಲ್ಲ.

ಒಣಗಿದ ಕೂಡಲೇ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಕಡ್ಡಾಯ. ಇಲ್ಲದಿದ್ದರೆ ಮುಂದೆ ತಾಗುವ ತೇವಕ್ಕೂ ಬಣ್ಣ ಎದ್ದೀತು. ಬಳಿಕ ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಸಂದುಗಳಿಗೆ ಹರಿಸಿ. ಬಿಳಿಯ ಮೇಲೆ ಕಪ್ಪು ತೀರಾ ಒರಟು. ಕಿಟಕಿ ತೆರೆದಿರಲಿ.

ಟ್ರ್ಯಾಕಿಗೆ, ಅಂದರೆ ಚಕ್ರಗಳನ್ನು ಸುತ್ತುವರಿದ ಲೋಹದ ಪಟ್ಟಿಗೆ, ಕಡುಕಂದು ಬಳಿದು, ನೆಲಕ್ಕೆ ತಾಗುವ ಉಬ್ಬುಗಳನ್ನೂ ಒಳಬದಿಯ ಹಲ್ಲುಗಳನ್ನೂ ಪೆನ್ಸಿಲ್ ಸೀಸದಿಂದ ಉಜ್ಜಿ ಹೊಳಪು ಕೊಡಿ. ಟಿ-34ರ ಚಾಲನಾ ಚಕ್ರ ಟ್ರ್ಯಾಕನ್ನು ಎಳೆಯುವುದು ಆ ಹಲ್ಲುಗಳನ್ನು ಹಿಡಿದೇ. ರಬ್ಬರ್ ಅಂಚಿನ ಚಕ್ರಗಳಿದ್ದರೆ ಆ ಅಂಚಿಗೆ ಹೊಳಪು ಸಲ್ಲ. ಹಿಂಭಾಗದಲ್ಲಿ ಡೀಸೆಲ್ ಹೊಗೆ ಕಾರುವ ಎರಡು ಕೊಳವೆಗಳಿವೆ. ಅವುಗಳ ಬಾಯಿಗೆ ಕಪ್ಪು ಪಿಗ್ಮೆಂಟ್ ಪುಡಿಯನ್ನು ಒಣ ಕುಂಚದಿಂದ ಸವರಿ, ಸುತ್ತಲಿನ ಬಿಳಿಗೂ ಒಂದಿಷ್ಟು ಮಸಿ ಹರಡಿ. ಪುಡಿಯ ಮೇಲೆ ಮತ್ತೆ ವಾರ್ನಿಷ್ ಬೇಡ, ಬಣ್ಣ ಮಂಕಾಗುತ್ತದೆ. ಇನ್ನು ಮಾದರಿಯನ್ನು ತಳ ಹಿಡಿದೇ ಎತ್ತಿ.